ಕುಳಿಯ ಅಂಚಿನಲ್ಲಿ ಊಟಕ್ಕೆ ಕೂರಬೇಡಿ

ಸಕ್ರಿಯ ಜ್ವಾಲಾಮುಖಿಗೆ ಒಂದು ದಿನದ ಚಾರಣ ಹೊರಟವರಿಗೆ, ಗೈಡ್ ಆಗಿ ನಾನು ಮೊದಲು ಹೇಳುವುದು ಊಟದ ವಿಷಯ. ಶೂ, ಮಾಸ್ಕ್ ಎಲ್ಲ ಆಮೇಲೆ. ಬುತ್ತಿ ಬಿಚ್ಚುವುದಿದ್ದರೆ ಕುಳಿಗಿಂತ ತುಂಬಾ ಕೆಳಗೆ ಬಿಚ್ಚಿ, ಮೇಲೆ ಬೇಡ. ಕಷ್ಟಪಟ್ಟು ಹತ್ತಿದ ಮೇಲೆ ತುದಿಯಲ್ಲಿ ಕಾಲು ಚಾಚಿ ಕೂತು, ಸುತ್ತ ನೋಡುತ್ತಾ ನಿಧಾನವಾಗಿ ತಿನ್ನಬೇಕು ಅನ್ನಿಸುವುದು ಸಹಜ. ಬೇರೆ ಬೆಟ್ಟಗಳಲ್ಲಿ ಹಾಗೆ ಮಾಡಿ, ಏನೂ ತೊಂದರೆಯಿಲ್ಲ. ಇಲ್ಲಿ ಮಾತ್ರ ಮೇಲೆ ಕಳೆಯುವ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಜಪಾನಿನ ಒಂಟಾಕೆ ನೆನಪಿಸಿಕೊಳ್ಳಿ. 3,067 ಮೀಟರ್ ಎತ್ತರದ, ಜನರಿಗೆ ತುಂಬಾ ಇಷ್ಟವಾದ ಬೆಟ್ಟ. 2014ರ ಸೆಪ್ಟೆಂಬರ್ 27, ಶನಿವಾರ, ಒಳ್ಳೆಯ ಬಿಸಿಲು, ಎಲೆಗಳು ಕೆಂಪಾಗುವ ಕಾಲ. ಬೆಳಿಗ್ಗೆ ಹತ್ತಲು ಶುರು ಮಾಡಿದವರು ಊಟದ ಹೊತ್ತಿಗೆ ಸರಿಯಾಗಿ ತುದಿಯ ಸುತ್ತಮುತ್ತ ಇದ್ದರು. 11 ಗಂಟೆ 52 ನಿಮಿಷಕ್ಕೆ ಬೆಟ್ಟ ಸಿಡಿಯಿತು. 58 ಜನ ಸತ್ತರು, ಇನ್ನೂ 5 ಜನ ಸಿಗಲೇ ಇಲ್ಲ. ಲಾವಾ ಬಂದೇ ಇರಲಿಲ್ಲ. ಹೆಚ್ಚಿನವರ ಪ್ರಾಣ ಹೋದದ್ದು ಹಾರಿ ಬಂದ ಕಲ್ಲುಗಳ ಹೊಡೆತಕ್ಕೆ. ಆ ದಿನ ಅಲ್ಲಿದ್ದ ಎಚ್ಚರಿಕೆ ಮಟ್ಟ 1, ಅಂದರೆ ಐದರಲ್ಲಿ ಎಲ್ಲಕ್ಕಿಂತ ಕೆಳಗಿನದು.

ಈಗ ಇನ್ನೊಂದು ಕಡೆ ನೋಡಿ. ನ್ಯೂಜಿಲೆಂಡಿನ ಟೊಂಗರೀರೊ ಬೆಟ್ಟದ ಟೆ ಮಾರಿ ಕುಳಿಯೂ ಹೀಗೇ ಸಿಡಿಯಿತು, 2012ರ ಆಗಸ್ಟ್ 6ರಂದು. ಚಾರಣದ ದಾರಿಯ ಮೇಲೆ ದೊಡ್ಡ ದೊಡ್ಡ ಬಂಡೆಗಳು ಬಿದ್ದವು, ಕೆಟೆಟಾಹಿ ಅನ್ನುವ ತಂಗುಮನೆಯ ಛಾವಣಿ ತೂತು ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಯಾಕೆಂದರೆ ಅದು ಚಳಿಗಾಲದ ರಾತ್ರಿ, ಹನ್ನೆರಡು ಗಂಟೆಗೆ ಸ್ವಲ್ಪ ಮುಂಚೆ. ಅದೇ ದಾರಿಯಲ್ಲಿ ಬೇಸಿಗೆಯ ಹಗಲಲ್ಲಿ ನೂರಾರು ಜನ ನಡೆಯುತ್ತಿರುತ್ತಾರೆ. ಬೆಟ್ಟ ಯಾವಾಗ ಸಿಡಿಯಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಕಲ್ಲು ಬೀಳುವ ಜಾಗದಲ್ಲಿ ನಾವು ಎಷ್ಟು ಹೊತ್ತು ಇರುತ್ತೇವೆ ಅನ್ನುವುದು ಪೂರ್ತಿ ನಮ್ಮ ಕೈಯಲ್ಲೇ ಇದೆ. ನನ್ನ ಪ್ರಕಾರ ತಯಾರಿ ಅಂದರೆ ಮುಖ್ಯವಾಗಿ ಇದೇ, ಬ್ಯಾಗಿನಲ್ಲಿ ಏನಿದೆ ಅನ್ನುವುದು ಎರಡನೆಯದು.

ಮುನ್ಸೂಚನೆ ಇಲ್ಲದೆ ಸಿಡಿಯುತ್ತದೆ ಅಂದರೆ ಹೇಗೆ, ಅಷ್ಟೊಂದು ಯಂತ್ರ ಇಟ್ಟಿರುತ್ತಾರಲ್ಲ ಅಂತ ಕೇಳುತ್ತಾರೆ. ಶಿಲಾಪಾಕ, ಅಂದರೆ ನೆಲದೊಳಗೆ ಕರಗಿದ ಬಂಡೆ, ಆಳದಿಂದ ಮೇಲೇರುವಾಗ ನೆಲ ನಡುಗುತ್ತದೆ, ಉಬ್ಬುತ್ತದೆ, ಅನಿಲ ಜಾಸ್ತಿಯಾಗುತ್ತದೆ. ದಿನಗಟ್ಟಲೆ, ವಾರಗಟ್ಟಲೆ ಮುಂಚೆ ಇದು ಗೊತ್ತಾಗುವುದುಂಟು. ಆದರೆ ಒಂಟಾಕೆಯಲ್ಲಿ ಆದದ್ದು ಹಬೆಯ ಸ್ಫೋಟ. ಕುಳಿಯ ಕೆಳಗೆ ಬಂಡೆಗಳ ಸಂದಿಯಲ್ಲಿ ನೀರು ಕಾದು ಕೂತಿರುತ್ತದೆ, ಒತ್ತಡದಿಂದಾಗಿ ಕುದಿಯಲು ಆಗದೆ. ಮೇಲಿನ ಮುಚ್ಚಳ ಎಲ್ಲೋ ಬಿರುಕು ಬಿಟ್ಟರೆ ಅಷ್ಟೂ ನೀರು ಒಮ್ಮೆಲೇ ಹಬೆಯಾಗುತ್ತದೆ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಜಾಗ ಬೇಕು, ಆ ರಭಸಕ್ಕೆ ಸುತ್ತಲಿನ ಬಂಡೆ ಚೂರುಚೂರಾಗಿ ಹಾರುತ್ತದೆ. ಹೊಸ ಶಿಲಾಪಾಕ ಮೇಲೆ ಬರಬೇಕೆಂದೇ ಇಲ್ಲ. ಒಂಟಾಕೆಯಲ್ಲಿ ಎರಡು ವಾರ ಮುಂಚೆ ಸಣ್ಣ ಕಂಪನಗಳು ಹೆಚ್ಚಾಗಿ ಮತ್ತೆ ಇಳಿದಿದ್ದವು. ಬಿಡದೆ ನಡುಗಲು ಶುರುವಾದದ್ದು ಸ್ಫೋಟಕ್ಕೆ ಬರೀ 11 ನಿಮಿಷ ಮುಂಚೆ. ತುದಿಯಲ್ಲಿ ಬುತ್ತಿ ಬಿಚ್ಚಿದವರಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿಸುವುದು ಹೇಗೆ ಹೇಳಿ. ಈ ದುರಂತದ ನಂತರ, 2015ರಲ್ಲಿ ಜಪಾನಿನವರು ಒಂದನೇ ಮಟ್ಟಕ್ಕಿದ್ದ ‘ಸಾಮಾನ್ಯ’ ಅನ್ನುವ ವಿವರಣೆಯನ್ನು ತೆಗೆದು, ‘ಇದು ಸಕ್ರಿಯ ಜ್ವಾಲಾಮುಖಿ ಎಂಬುದು ಗಮನದಲ್ಲಿರಲಿ’ ಎಂಬರ್ಥದ ಮಾತನ್ನು ಹಾಕಿದರು. ಒಳ್ಳೆಯ ಕೆಲಸ ಮಾಡಿದರು.

ಹಾಗಂತ ಎಚ್ಚರಿಕೆ ಮಟ್ಟ ನೋಡುವುದೇ ವ್ಯರ್ಥ ಅಂದುಕೊಳ್ಳಬೇಡಿ. ನೋಡಲೇಬೇಕು. ಆದರೆ ಬರೀ ಅಂಕಿ ನೋಡಿ ಬಿಟ್ಟರೆ ಸಾಲದು. ಒಂದು ದೇಶದ 2 ಇನ್ನೊಂದು ದೇಶದ 2 ಅಲ್ಲ. ಜಪಾನಿನಲ್ಲಿ 2 ಅಂದರೆ ಕುಳಿಯ ಹತ್ತಿರ ಹೋಗಬೇಡಿ ಅಂತ. ನ್ಯೂಜಿಲೆಂಡಿನಲ್ಲಿ ಮಟ್ಟಗಳು 0ಯಿಂದ 5ರವರೆಗೆ ಇವೆ, ಅವು ಬೆಟ್ಟ ಈಗ ಹೇಗಿದೆ ಅನ್ನುವುದನ್ನಷ್ಟೇ ಹೇಳುತ್ತವೆ, ನಾಳೆ ಏನಾಗುತ್ತದೆ ಅನ್ನುವುದನ್ನಲ್ಲ. ಅಲ್ಲಿನ ಫಕಾರಿ ದ್ವೀಪದಲ್ಲಿ, ಅದೇ ವೈಟ್ ಐಲ್ಯಾಂಡ್, 2019ರ ನವೆಂಬರಿನಲ್ಲಿ ಮಟ್ಟವನ್ನು 1ರಿಂದ 2ಕ್ಕೆ ಏರಿಸಿದ್ದರು. ಪ್ರವಾಸಗಳು ನಡೆಯುತ್ತಲೇ ಇದ್ದವು. ಡಿಸೆಂಬರ್ 9ರ ಮಧ್ಯಾಹ್ನ ಸಿಡಿದಾಗ ದ್ವೀಪದ ಮೇಲೆ 47 ಜನ ಇದ್ದರು, ಅವರಲ್ಲಿ 22 ಜನ ತೀರಿಕೊಂಡರು. ಟಿಕೆಟ್ ಕೊಡುತ್ತಿದ್ದಾರೆ ಅಂದ ಮಾತ್ರಕ್ಕೆ ಹೋಗಬಹುದು ಅಂತ ಅರ್ಥವಲ್ಲ. ಇದನ್ನು ನಾನು ನನ್ನ ಜೊತೆ ಬರುವವರಿಗೂ ಹೇಳುತ್ತೇನೆ.

ಅಂಕಿಯ ಕೆಳಗೆ ಬರೆದಿರುವ ಸಾಲುಗಳನ್ನು ಓದಿ. ಮುಖ್ಯವಾಗಿ ಕುಳಿಯಿಂದ ಎಷ್ಟು ದೂರ ಇರಬೇಕು ಅಂತ ಹೇಳಿದ್ದಾರೆ ನೋಡಿ. ಇಂಡೊನೇಷ್ಯಾದ ಸುಮಾತ್ರದಲ್ಲಿರುವ ಮರಾಪಿ (ಜಾವಾದ ಮೆರಾಪಿ ಬೇರೆ) ನಾಲ್ಕು ಮಟ್ಟಗಳಲ್ಲಿ ಎರಡನೆಯದರಲ್ಲಿತ್ತು. ಕುಳಿಯಿಂದ 3 ಕಿಲೋಮೀಟರ್ ಒಳಗೆ ಹೋಗಬೇಡಿ ಅಂತ ಸೂಚನೆಯೂ ಇತ್ತು. ಆದರೂ ಜನ ಹತ್ತುತ್ತಿದ್ದರು. 2023ರ ಡಿಸೆಂಬರ್ 3ರಂದು ಅದು ಸಿಡಿದು 24 ಜನ ಸತ್ತರು. ಸೂಚನೆಯಲ್ಲಿ 3 ಕಿಲೋಮೀಟರ್ ಅಂತಿದ್ದು ನಿಮ್ಮ ದಾರಿ ಅದರೊಳಗೆ ಹೋಗುತ್ತಿದ್ದರೆ ಆ ದಿನದ ಕಾರ್ಯಕ್ರಮ ಮುಗಿಯಿತು ಅಂತಲೇ ತಿಳಿಯಿರಿ. ದುಡ್ಡು ಕಟ್ಟಿಯಾಗಿದೆ, ರಜೆ ಹಾಕಿಯಾಗಿದೆ, ದೂರದಿಂದ ಬಂದಿದ್ದೇವೆ, ಇದ್ಯಾವುದೂ ಬೆಟ್ಟಕ್ಕೆ ಗೊತ್ತಿಲ್ಲ.

ಬೆಟ್ಟ ತೆರೆದಿದೆ, ಸೂಚನೆಯೂ ಅನುಕೂಲವಾಗಿದೆ ಅಂತಿಟ್ಟುಕೊಳ್ಳಿ. ಆಗ ನಕ್ಷೆ ಹಿಡಿದು ಕೂರಿ. ಕುಳಿಯ ಸುತ್ತ ಒಂದು ಕಿಲೋಮೀಟರಿನ ಗೆರೆ ಎಳೆಯಿರಿ. ಸಣ್ಣ ಹಬೆಯ ಸ್ಫೋಟದಲ್ಲಿ ಕಲ್ಲಿನ ಮಳೆ ದಟ್ಟವಾಗಿ ಬೀಳುವುದು ಹೆಚ್ಚಾಗಿ ಅಷ್ಟರೊಳಗೆ. ಗೆರೆ ದಾಟಿದರೆ ಕಲ್ಲು ಬೀಳುವುದೇ ಇಲ್ಲ ಅಂತಲ್ಲ, ದೊಡ್ಡ ಸ್ಫೋಟದಲ್ಲಿ ಇನ್ನೂ ದೂರ ಹಾರುತ್ತವೆ. ನಿಮ್ಮ ದಾರಿ ಆ ಗೆರೆಯನ್ನು ಎಲ್ಲಿ ದಾಟಿ ಒಳಗೆ ಹೋಗುತ್ತದೆ, ಎಲ್ಲಿ ಹೊರಗೆ ಬರುತ್ತದೆ, ನಡುವೆ ನಿಮ್ಮ ನಡಿಗೆಗೆ ಎಷ್ಟು ನಿಮಿಷ ಅಂತ ಬರೆದುಕೊಳ್ಳಿ. ಆ ನಿಮಿಷಗಳನ್ನು ಕಡಿಮೆ ಮಾಡುವುದೇ ದಿನದ ಯೋಜನೆ. ಗೆರೆಗೆ ಮುಂಚೆಯೇ ನನ್ನ ಗುಂಪನ್ನು ನಿಲ್ಲಿಸುತ್ತೇನೆ. ನೀರು ಕುಡಿಯುವುದು, ತಿನ್ನುವುದು, ಮೂತ್ರಕ್ಕೆ ಹೋಗುವುದು, ಜಾಕೆಟ್ ಹಾಕುವುದು, ಲೇಸ್ ಕಟ್ಟುವುದು, ಕ್ಯಾಮೆರಾ ಹೊರಗೆ ತೆಗೆಯುವುದು, ಎಲ್ಲ ಅಲ್ಲೇ. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿ ಮಾಡಿದ ಮೇಲೆ ಒಬ್ಬೊಬ್ಬರ ಗಲ್ಲದ ಕೆಳಗೆ ನಾನೇ ಬೆರಳು ಹಾಕಿ ನೋಡುತ್ತೇನೆ, ಯಾಕೆಂದರೆ ಸಡಿಲ ಹೆಲ್ಮೆಟ್ ಮೊದಲ ಕಲ್ಲಿಗೇ ಹಾರಿ ಹೋಗುತ್ತದೆ. ಅಂಚಿನಲ್ಲಿ ಹತ್ತು ನಿಮಿಷ, ಜಾಸ್ತಿಯೆಂದರೆ ಹದಿನೈದು. ಮಂಜು ಮುಚ್ಚಿ ಕುಳಿ ಕಾಣದಿದ್ದರೂ ಅಷ್ಟೇ. ‘ಇನ್ನು ಸ್ವಲ್ಪ ಹೊತ್ತಿಗೆ ಸರಿಯಬಹುದು, ಕಾಯೋಣ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ನಾನು ಒಪ್ಪುವುದಿಲ್ಲ.

ಮೇಲೆ ಇರುವಾಗ ಗಾಳಿಗೆ ಬೆನ್ನು ಕೊಟ್ಟು, ಹೊಗೆ ನಿಮ್ಮಿಂದ ಆಚೆಗೆ ಹೋಗುವ ಕಡೆ ನಿಲ್ಲಿ. ಗಾಳಿ ತಿರುಗಿದರೆ ಜಾಗ ಬಿಡಿ. ಅನಿಲಗಳ ವಿಷಯದಲ್ಲಿ ಜನ ಮೂಗನ್ನು ಅತಿಯಾಗಿ ನಂಬುತ್ತಾರೆ. ಸಲ್ಫರ್ ಡೈಆಕ್ಸೈಡ್ ಮೂಗಿಗೆ ಚುಚ್ಚುತ್ತದೆ, ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಗೊತ್ತಾಗುತ್ತದೆ. ಆಸ್ತಮಾ ಇರುವವರಿಗೆ ಸ್ವಲ್ಪವೇ ಸಾಕು, ಉಸಿರು ಕಟ್ಟುತ್ತದೆ. ಜಪಾನಿನ ಅಸೋ ಕುಳಿಯ ಬಳಿ ಈ ಅನಿಲವನ್ನು ಅಳೆಯುತ್ತಲೇ ಇರುತ್ತಾರೆ, ಜಾಸ್ತಿಯಾದರೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಆದರೆ ಪ್ರಮಾಣ ಜಾಸ್ತಿಯಾದರೆ ಮೂಗು ಮರಗಟ್ಟಿ ವಾಸನೆಯೇ ಬರುವುದಿಲ್ಲ. ಇಷ್ಟು ಹೊತ್ತು ಬರುತ್ತಿದ್ದ ವಾಸನೆ ಇದ್ದಕ್ಕಿದ್ದಂತೆ ನಿಂತರೆ ಸದ್ಯ ಹೋಯಿತಲ್ಲ ಅಂತ ನಿಟ್ಟುಸಿರು ಬಿಡಬೇಡಿ, ಅಲ್ಲಿಂದ ಹೊರಡಿ. ಎಲ್ಲಕ್ಕಿಂತ ನನಗೆ ಭಯ ಇಂಗಾಲದ ಡೈಆಕ್ಸೈಡಿನದು. ಬಣ್ಣ ಇಲ್ಲ, ವಾಸನೆ ಇಲ್ಲ, ಗಾಳಿಗಿಂತ ಭಾರ. ತಗ್ಗಿನಲ್ಲಿ, ಗುಂಡಿಯಲ್ಲಿ, ಹಿಮದ ಕೆಳಗಿನ ಟೊಳ್ಳಿನಲ್ಲಿ ಸುಮ್ನೆ ತುಂಬಿಕೊಂಡಿರುತ್ತದೆ. 2006ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಮತ್ ಮೌಂಟನ್‌ನಲ್ಲಿ ಹಬೆಯ ಬಾಯಿಯ ಸುತ್ತ ಹಿಮ ಕುಸಿದು, ಮೂವರು ಸ್ಕೀ ಗಸ್ತಿನವರು ಸತ್ತರು. ಅಂಥ ಬೆಟ್ಟದ ಕೆಲಸವೇ ಗೊತ್ತಿದ್ದವರು ಅವರು. ಗಾಳಿ ಇಲ್ಲದ ದಿನ ತಗ್ಗಿನಲ್ಲಿ ಕೂರಬೇಡಿ, ಮಲಗಬೇಡಿ, ಮಕ್ಕಳನ್ನು ಇಳಿಯಲು ಬಿಡಬೇಡಿ. ಕೆಳಗೆ ಬಿದ್ದವರನ್ನು ಎತ್ತಲು ಹಿಂದೆಯೇ ಇಳಿಯಬೇಡಿ.

ಮಾಸ್ಕ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಎನ್95 ಬೂದಿಗೆ ಒಳ್ಳೆಯದು, ಅನಿಲಕ್ಕೆ ಏನೂ ಮಾಡುವುದಿಲ್ಲ. ಅನಿಲಕ್ಕೆ ಆಮ್ಲ ಅನಿಲಗಳ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು, ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ. ಇಂಗಾಲದ ಡೈಆಕ್ಸೈಡಿಗಂತೂ ಯಾವ ಫಿಲ್ಟರೂ ಇಲ್ಲ. ಆಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಹೊಗೆಯಾಡುವ ಕುಳಿಯ ಹತ್ತಿರ ಬರುವುದೇ ಬೇಡ. ಕೆಳಗಿನ ದಾರಿಗಳೂ ಚೆನ್ನಾಗಿರುತ್ತವೆ.

ಬ್ಯಾಗಿನಲ್ಲಿ ಜನ ಮರೆಯುವುದು ಹೆಡ್‌ಲ್ಯಾಂಪ್. ಹಗಲಿನ ಚಾರಣಕ್ಕೆ ಅದೇಕೆ ಅನ್ನುತ್ತಾರೆ. ಬೂದಿ ಬೀಳಲು ಶುರುವಾದರೆ ನಡು ಮಧ್ಯಾಹ್ನವೇ ಕತ್ತಲಾಗುತ್ತದೆ, ಚಾಚಿದ ಕೈ ಕಾಣುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವಂಥ ಕಣ್ಣಿನ ಗಾಗಲ್ಸ್ ಇರಲಿ. ಕಾಂಟಾಕ್ಟ್ ಲೆನ್ಸ್ ಬಿಟ್ಟು ಕನ್ನಡಕ ಹಾಕಿ. ಜ್ವಾಲಾಮುಖಿಯ ಬೂದಿ ಮೆತ್ತಗಿರುವುದಿಲ್ಲ. ಅದು ಕಲ್ಲಿನ ಮತ್ತು ಗಾಜಿನ ಚೂಪು ಚೂರು. ಕನ್ನಡಕದ ಮೇಲೆ ಬಿದ್ದರೆ ಅಂಗಿಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ನೀರು ಹಾಕಿ ತೊಳೆಯಿರಿ. ಅದಕ್ಕೂ, ಕುಡಿಯಲಿಕ್ಕೂ ನೀರನ್ನು ಕೆಳಗಿನಿಂದಲೇ ಹೊರಬೇಕು. ಮೇಲಿನ ಜಲ್ಲಿ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ನಿಂತದ್ದು ಹುಳಿಯಾಗಿರಬಹುದು, ಕುಡಿಯುವ ಹಾಗಿಲ್ಲ. ಮೈ ಪೂರ್ತಿ ಮುಚ್ಚುವ ಬಟ್ಟೆ, ಆದರೆ ಉಣ್ಣೆಯದು. ನೈಲಾನ್, ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕೈಗವಸು ಬೇಕೇ ಬೇಕು, ಗಟ್ಟಿಯಾದ ಲಾವಾದ ಮೇಲೆ ಕೈ ಊರಿದರೆ ಅಂಗೈ ಸೀಳುತ್ತದೆ. ಇನ್ನು ಶೂ, ಕಣಕಾಲು ಹಿಡಿಯುವಂಥದ್ದು, ನಡೆದು ಪಳಗಿದ್ದು, ಜೊತೆಗೆ ಜಲ್ಲಿ ಒಳಗೆ ಬರದ ಹಾಗೆ ಗೇಟರ್, ಅಂದರೆ ಶೂ ಬಾಯಿಯನ್ನು ಮುಚ್ಚುವ ಕಾಲುಪಟ್ಟಿ. ಫೋನಿನ ನಕ್ಷೆ ಜೊತೆಗೆ ಕಾಗದದ ನಕ್ಷೆಯೂ ಇರಲಿ. ಆದರೆ ಕಬ್ಬಿಣದ ಅಂಶ ಇರುವ ಲಾವಾದ ಮೇಲೆ ದಿಕ್ಸೂಚಿ ತಪ್ಪು ತೋರಿಸಬಹುದು, ಬಂಡೆಗೆ ತಾಗಿಸಿ ನೋಡಬೇಡಿ.

ಸಿಡಿದೇ ಬಿಟ್ಟರೆ? ಮೊದಲ ಕೆಲವು ಸೆಕೆಂಡು ಜನ ಫೋನ್ ಎತ್ತುತ್ತಾರೆ. ಆ ಸೆಕೆಂಡುಗಳು ತಲೆ ಉಳಿಸಿಕೊಳ್ಳಲು ಬೇಕು. ಕಲ್ಲು ಹಾರುತ್ತಿದ್ದರೆ ಕುಳಿಗೆ ಬೆನ್ನು ಹಾಕಿ ಕುರುಡಾಗಿ ಓಡಬೇಡಿ. ಹತ್ತಿರದ ಬಂಡೆ, ದಿಣ್ಣೆ, ಗೋಡೆ, ಏನಾದರೂ ಸರಿ, ಕುಳಿಗೂ ನಿಮಗೂ ನಡುವೆ ಅದು ಬರುವ ಹಾಗೆ ಸೇರಿಕೊಂಡು ಮೈ ಮುದುರಿ, ಬ್ಯಾಗನ್ನು ತಲೆ ಕತ್ತಿನ ಮೇಲೆ ಹಿಡಿಯಿರಿ. ಏನೂ ಸಿಗದಿದ್ದರೆ ಕಲ್ಲುಗಳ ಮೇಲೆ ಕಣ್ಣಿಟ್ಟು ತಪ್ಪಿಸಿಕೊಳ್ಳಿ. ಅಸೋದಂಥ ಕಡೆ ಕಾಂಕ್ರೀಟಿನ ಆಸರೆಗಳನ್ನು ಕಟ್ಟಿದ್ದಾರೆ, ಹತ್ತುವಾಗಲೇ ಅವು ಎಲ್ಲೆಲ್ಲಿವೆ ಅಂತ ಗುರುತು ಮಾಡಿಕೊಳ್ಳಿ. ಕಲ್ಲಿನ ಮಳೆ ಸ್ವಲ್ಪ ನಿಂತ ಕೂಡಲೇ ಹೊರಡಬೇಕು, ಇನ್ನೊಂದು ಸುತ್ತು ಬರಬಹುದು. ಇಳಿಯುವಾಗ ಬೆಟ್ಟದ ಏಣು ಹಿಡಿದು ಇಳಿಯಿರಿ, ಕೊರಕಲಲ್ಲಿ ಬೇಡ. ಬಿಸಿ ಬೂದಿಯ ಮೋಡ, ಅನಿಲ, ಕೆಸರಿನ ಪ್ರವಾಹ, ಎಲ್ಲವೂ ಕೊರಕಲು ಹಿಡಿದೇ ಬರುತ್ತವೆ.

ಕೆಸರಿನ ಪ್ರವಾಹಕ್ಕೆ ಆ ದಿನ ಸ್ಫೋಟ ಆಗಲೇಬೇಕೆಂದಿಲ್ಲ. 1953ರ ಡಿಸೆಂಬರ್ 24ರ ರಾತ್ರಿ ನ್ಯೂಜಿಲೆಂಡಿನ ರುಆಪೆಹು ಬೆಟ್ಟದ ಕುಳಿಕೆರೆ ಒಡೆದು, ಟಾಂಗಿವಾಯಿಯಲ್ಲಿ ರೈಲು ಸೇತುವೆ ಕೊಚ್ಚಿಹೋಗಿ 151 ಜನ ಸತ್ತರು. ಬೆಟ್ಟದ ಮೇಲೆ ಸಡಿಲ ಬೂದಿ ಇದ್ದು ಜೋರು ಮಳೆ ಬಂದರೂ ಸಾಕು. ಹಾಗಾಗಿ ಮಳೆ ಮುನ್ಸೂಚನೆ ಇರುವ ದಿನ ಹಳ್ಳ ದಾಟುವ ದಾರಿ ಬಿಡಿ. ಮೇಲಿನಿಂದ ಗುಡುಗುಡು ಸದ್ದು ಕೇಳಿದರೆ ದಾರಿ ನೋಡಬೇಡಿ, ಪಕ್ಕದ ಎತ್ತರಕ್ಕೆ ಹತ್ತಿ.

ಲಾವಾ ಹರಿಯುವುದನ್ನು ನೋಡಲು ಹೋಗುವವರಿಗೆ ಎರಡು ಮಾತು. ಲಾವಾ ಹೆಚ್ಚಾಗಿ ನಿಧಾನ, ಆದರೆ ನೆಲ ಎಲ್ಲಿ ಬಾಯಿ ಬಿಡುತ್ತದೆ ಅನ್ನುವುದು ನಿಶ್ಚಯವಿಲ್ಲ. 2021ರ ಏಪ್ರಿಲ್ 5ರಂದು ಐಸ್‌ಲ್ಯಾಂಡಿನ ಫಾಗ್ರಡಾಲ್ಸ್‌ಫ್ಯಾಲ್‌ನಲ್ಲಿ ಮೊದಲಿನ ಜಾಗದಿಂದ ಸುಮಾರು 700 ಮೀಟರ್ ದೂರದಲ್ಲಿ ಹೊಸ ಬಿರುಕು ತೆರೆದು, ನೋಡಲು ಬಂದವರನ್ನೆಲ್ಲ ವಾಪಸ್ ಕಳಿಸಬೇಕಾಯಿತು. ಲಾವಾ ಹಿಮಕ್ಕೆ ತಾಗುವ ಜಾಗವಂತೂ ಬೇಡವೇ ಬೇಡ. 2017ರ ಮಾರ್ಚಿನಲ್ಲಿ ಇಟಲಿಯ ಎಟ್ನಾದಲ್ಲಿ ಅಂಥ ಜಾಗದಲ್ಲೇ ಹಬೆ ಸಿಡಿದು ಹಲವರಿಗೆ ಗಾಯವಾಯಿತು. ಮೇಲೆ ಕಪ್ಪಗೆ ಗಟ್ಟಿಯಾಗಿ ಕಂಡರೂ ಒಳಗೆ ಕೆಂಡದಂತೆ ಇರಬಹುದು. ಹತ್ತಿ ನೋಡಬೇಡಿ.

ಹೊರಡುವ ಮುಂಚೆ ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಅನ್ನುವುದನ್ನು ಬೆಟ್ಟದ ಕಚೇರಿಯಲ್ಲಿ ಬರೆಸಿ, ಮನೆಯವರಿಗೂ ತಿಳಿಸಿ. ಇಳಿದ ಮೇಲೆ ಸುಸ್ತಾಗಿ ಜನ ಒಂದು ಕೆಲಸ ಬಿಡುತ್ತಾರೆ, ಇಳಿದೆವು ಅಂತ ಹೇಳುವುದು. ಸ್ಫೋಟವಾದರೆ ಹುಡುಕುವವರು ಮೊದಲು ನೋಡುವುದು ಆ ಪಟ್ಟಿಯನ್ನೇ. ನಿಮ್ಮ ಹೆಸರು ಅದರಲ್ಲಿ ಹಾಗೇ ಉಳಿದಿದ್ದರೆ, ನೀವು ಕೋಣೆಯಲ್ಲಿ ಮಲಗಿರುವಾಗ ನಿಮ್ಮನ್ನು ಹುಡುಕಲು ಯಾರೋ ಕುಳಿಯ ಹತ್ತಿರಕ್ಕೆ ಹತ್ತುತ್ತಿರುತ್ತಾರೆ. ಶೂ ಬಿಚ್ಚುವ ಮುಂಚೆಯೇ ಫೋನ್ ಮಾಡಿ, ಪಟ್ಟಿಯಿಂದ ಹೆಸರು ತೆಗೆಸಿ.