ಪದ ಪರಿಚಯ: ಹಾರ್ಡ್‌ನೆಸ್ ರೇಷಿಯೋ

ದಿಢೀರನೆ ಉರಿದೆದ್ದು ಕೆಲವು ವಾರ, ತಿಂಗಳುಗಳಲ್ಲಿ ಆರಿಹೋಗುವ ಎಕ್ಸ್-ರೇ ಆಕರಗಳ ರೋಹಿತ (ಯಾವ ಶಕ್ತಿಯ ಬೆಳಕು ಎಷ್ಟು ಎಂಬ ಹಂಚಿಕೆ) ಎತ್ತ ಸಾಗುತ್ತಿದೆ ಎಂದು ತಿಳಿಯಲು ಮೊದಲು ನೋಡುವ ಅಂಕಿ ಇದು. ಹೆಚ್ಚು ಶಕ್ತಿಯ, ಅಂದರೆ ಗಡಸು ಫೋಟಾನ್‌ಗಳ ಎಣಿಕೆಯನ್ನು ಮೃದು ಫೋಟಾನ್‌ಗಳ ಎಣಿಕೆಯಿಂದ ಭಾಗಿಸಿದರಾಯಿತು. 4–10 ಕೆಇವಿಯಲ್ಲಿ (ಕೆಇವಿ ಶಕ್ತಿಯ ಅಳತೆ, ತಾಪಕ್ಕೂ ಬಳಸುತ್ತಾರೆ) 600, 2–4 ಕೆಇವಿಯಲ್ಲಿ 1200 ಸಿಕ್ಕಿದ್ದರೆ ಅನುಪಾತ 0.5. ಎಣಿಕೆಯಿಂದಲೇ ಬರುವ ಅನಿಶ್ಚಿತತೆ ಶೇ 5, ಅಂದರೆ ±0.025. ಹಾಗಾಗಿ ಮರುದಿನ 0.52 ಬಂದರೆ ಅದನ್ನು ಬದಲಾವಣೆ ಎನ್ನಲಾಗದು.

ಕಪ್ಪುಕುಳಿಯೂ ನಕ್ಷತ್ರವೂ ಒಂದನ್ನೊಂದು ಸುತ್ತುವ ಜೋಡಿಗಳಲ್ಲಿ ಆರಂಭದ ಬೆಳಕು ಹೆಚ್ಚಾಗಿ ಕಪ್ಪುಕುಳಿಯ ಬಳಿಯ ಕಾದ ಅನಿಲದ್ದು, ಅಂದರೆ ಕರೋನಾದ್ದು, ಅನುಪಾತ ಮೇಲಿರುತ್ತದೆ. ಆಮೇಲೆ ಸುಮಾರು 1 ಕೆಇವಿ ತಾಪದ ಅನಿಲತಟ್ಟೆ ಮೇಲುಗೈ ಪಡೆದು ಅನುಪಾತ ಕುಸಿಯುತ್ತದೆ. ಇಂಥ ಒಂದು ಜೋಡಿಯಾದ ಮ್ಯಾಕ್ಸಿ ಜೆ1820+070 ಹೊತ್ತಿಕೊಂಡದ್ದು 2018ರ ಮಾರ್ಚ್‌ನಲ್ಲಿ, ಮೃದುವಾದದ್ದು ಜುಲೈಯಲ್ಲಿ. ಮರಳುವ ದಾರಿ ಮಾತ್ರ ಬೇರೆ. ಹೋಗುವಾಗ ಪ್ರಖರವಾಗಿದ್ದಾಗಲೇ ಮೃದುವಾಗುವ ಆಕರ, ವಾಪಸ್ ಗಡಸಾಗುವುದು ಸಾಮಾನ್ಯವಾಗಿ ಎಡಿಂಗ್ಟನ್ ಮಿತಿಯ (ಬೆಳಕಿನ ಒತ್ತಡ ಒಳಬೀಳುವ ಅನಿಲವನ್ನು ತಡೆಯುವಷ್ಟು ಪ್ರಖರತೆ) ಶೇ 1–4ಕ್ಕೆ ಇಳಿದ ಮೇಲೆ. ಅನುಪಾತವನ್ನು ಅಡ್ಡಕ್ಕೆ, ಪ್ರಖರತೆಯನ್ನು ಲಂಬಕ್ಕೆ ಇಟ್ಟ ನಕ್ಷೆಯಲ್ಲಿ ಇದು ಗಡಿಯಾರದ ವಿರುದ್ಧ ದಿಕ್ಕಿನ ಸುತ್ತಾಗಿ ಕಾಣುತ್ತದೆ. ಎಲ್ಲ ಆಕರಗಳೂ ಸುತ್ತು ಮುಗಿಸುವುದಿಲ್ಲ. ಕೆಲವು ಗಡಸಾಗಿಯೇ ಆರಿಹೋಗುತ್ತವೆ.

ಪುಣೆ, ಮುಂಬೈಗಳಲ್ಲಿ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಹಿಡಿದು ಕೂರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಹೆಚ್ಚಾಗಿ ಮುಗ್ಗರಿಸುವುದು ಪೈಲ್-ಅಪ್‌ನಲ್ಲಿ. ಮುಂಬೈ ಕೊಲಾಬಾದ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ರೂಪುಗೊಂಡ, ಆ ಉಪಗ್ರಹದ ಮೃದು ಎಕ್ಸ್-ರೇ ದೂರದರ್ಶಕ ಎಸ್‌ಎಕ್ಸ್‌ಟಿ ಒಂದೊಂದು ಚೌಕಟ್ಟಿಗೆ ಸುಮಾರು 2.4 ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಒಂದೇ ಜಾಗಕ್ಕೆ ಎರಡು ಮೃದು ಫೋಟಾನ್ ಬಿದ್ದರೆ ಯಂತ್ರ ಅವನ್ನು ಕೂಡಿ ಒಂದು ಗಡಸು ಫೋಟಾನ್ ಎಂದು ಬರೆದುಕೊಳ್ಳುತ್ತದೆ. ಆಕರ ಪ್ರಖರವಾದಷ್ಟೂ ಈ ಸುಳ್ಳು ಗಡಸುತನ ಹೆಚ್ಚು. ಚಿತ್ರದ ನಡುಭಾಗ ಕತ್ತರಿಸಿ ಸುತ್ತಲಿನ ಬಳೆಯಿಂದ ಮಾತ್ರ ರೋಹಿತ ತೆಗೆಯಿರಿ. ಒಳತ್ರಿಜ್ಯವನ್ನು ಹಿಗ್ಗಿಸುತ್ತ ಹೋಗಿ, ಪವರ್-ಲಾ ಇಳಿಜಾರು (ಶಕ್ತಿ ಏರಿದಂತೆ ಫೋಟಾನ್ ಎಣಿಕೆ ತಗ್ಗುವ ರೀತಿ) ಬದಲಾಗುವುದು ನಿಂತಲ್ಲಿ ನಿಲ್ಲಿಸಿ.

ಆಸ್ಟ್ರೋಸ್ಯಾಟ್‌ನದೇ ಇನ್ನೊಂದು ಉಪಕರಣ ಲ್ಯಾಕ್ಸ್‌ಪಿಸಿಯ ಅನುಪಾತವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಎಕ್ಸ್-ರೇ ಉಪಕರಣ ಮ್ಯಾಕ್ಸಿಯದರ ಜೊತೆ ನೇರವಾಗಿ ಹೋಲಿಸುವುದಂತೂ ಬೇಡವೇ ಬೇಡ. ಪ್ರತಿ ಉಪಕರಣ ಬೇರೆ ಬೇರೆ ಶಕ್ತಿಯಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಫೋಟಾನ್ ಹಿಡಿಯುತ್ತದೆ. ಆಯಾ ಉಪಕರಣದಲ್ಲಿ ಹೆಚ್ಚುಕಡಿಮೆ ಬದಲಾಗದ ಆಕರವಾದ ಏಡಿ ನೀಹಾರಿಕೆಗೆ ಬಂದ ಅನುಪಾತದಿಂದ ಭಾಗಿಸಿದ ಮೇಲೆ ಹೋಲಿಕೆಗೆ ಒಂದಿಷ್ಟು ಅರ್ಥ ಬರುತ್ತದೆ. ಆಕರ ಮಂಕಾಗುತ್ತ ಬಂದಾಗ ಹಿನ್ನೆಲೆ ಎಣಿಕೆ ಸರಿಯಾಗಿ ಕಳೆಯದಿದ್ದರೆ, ಉಳಿಯುವುದು ಹಿನ್ನೆಲೆಯದೇ ಗಡಸುತನ.

ಕೊನೆಗೂ ಇದು ಒಂದೇ ಅಂಕಿ. 2015ರಲ್ಲಿ ವಿ404 ಸಿಗ್ನಿ ಎಂಬ ಕಪ್ಪುಕುಳಿ ಜೋಡಿ ಉರಿದಾಗ ಅಡ್ಡ ಬಂದ ದಟ್ಟ ಅನಿಲ ಮೃದು ಫೋಟಾನ್‌ಗಳನ್ನು ನುಂಗಿ, ಆಕರದಲ್ಲಿಲ್ಲದ ಏರಿಳಿತವನ್ನು ಅನುಪಾತದಲ್ಲಿ ತೋರಿಸಿತ್ತು. ಹೀರಿಕೆಯೋ ನಿಜವಾದ ಬದಲಾವಣೆಯೋ ಎಂದು ತೀರ್ಮಾನಿಸಲು ವೀಕ್ಷಣೆಯನ್ನು ಅನುಪಾತದ ಪ್ರಕಾರ ತುಂಡು ಮಾಡಿ, ಪ್ರತಿ ತುಂಡಿನ ಪೂರ್ಣ ರೋಹಿತಕ್ಕೂ ಎಕ್ಸ್‌ಸ್ಪೆಕ್ ಎಂಬ ತಂತ್ರಾಂಶದಲ್ಲಿ ಹೀರಿಕೆ, ತಟ್ಟೆ, ಪವರ್-ಲಾ ಮೂರನ್ನೂ ಹೊಂದಿಸಿ ನೋಡಬೇಕು.