ಡಿವಿಆರ್ ಓಡ್ತಾನೇ ಇತ್ತು, ಹೋದ ವಾರದ ದೃಶ್ಯ ಎಲ್ಲಿ ಹೋಯ್ತು?

ಪ್ರಶ್ನೆ: ನಾಲ್ಕು ಕ್ಯಾಮರಾ ಹಾಕಿಸಿದ್ದೇವೆ. ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆಯಲ್ಲಿ, ಅಂದರೆ ಡಿವಿಆರ್‌ನಲ್ಲಿ, 1 ಟಿಬಿ ಹಾರ್ಡ್ ಡಿಸ್ಕ್ ಇದೆ. ಎಂಟು ದಿನದ ಹಿಂದೆ ಗೇಟಿನ ಹತ್ತಿರ ನಿಲ್ಲಿಸಿದ್ದ ಗಾಡಿಗೆ ಯಾರೋ ಗುದ್ದಿ ಹೋಗಿದ್ದಾರೆ. ಇವತ್ತು ಹುಡುಕಿದರೆ ಆ ದಿನದ ರೆಕಾರ್ಡಿಂಗೇ ಇಲ್ಲ. ಪರದೆಯಲ್ಲಿ ನಾಲ್ಕೂ ಕ್ಯಾಮರಾದ ಚಿತ್ರ ಚೆನ್ನಾಗಿಯೇ ಬರುತ್ತಿದೆ. ಡಿಸ್ಕ್ ಕೆಟ್ಟಿದೆಯಾ? ಹೊಸದು ಹಾಕಬೇಕಾ?

ಉತ್ತರ: ಕೆಟ್ಟಿರಲಿಕ್ಕಿಲ್ಲ. ನಿಮ್ಮ ಡಿಸ್ಕ್ ಹೇಳಿದ ಕೆಲಸವನ್ನೇ ಮಾಡಿರಬೇಕು. ತುಂಬಿತು, ಜಾಗ ಸಾಲಲಿಲ್ಲ, ಹಳೆಯದರ ಮೇಲೆ ಹೊಸದನ್ನು ಬರೆಯಿತು. ಅಷ್ಟೇ.

ಆದರೆ ಊಹೆ ಬೇಡ, ನೋಡಿಯೇ ಬಿಡಿ. ಮೆನುವಿನಲ್ಲಿ ಪ್ಲೇಬ್ಯಾಕ್ ತೆರೆಯಿರಿ. ಒಂದು ಕ್ಯಾಲೆಂಡರ್ ಬರುತ್ತದೆ. ರೆಕಾರ್ಡಿಂಗ್ ಇರುವ ತಾರೀಖುಗಳಿಗೆ ಬಣ್ಣವೋ ಚುಕ್ಕೆಯೋ ಇರುತ್ತದೆ. ಇವತ್ತಿನಿಂದ ಹಿಂದಕ್ಕೆ ಐದಾರು ದಿನ ಸಾಲಾಗಿ ಗುರುತಿದ್ದು, ಅದರ ಹಿಂದೆ ಏನೂ ಇಲ್ಲದಿದ್ದರೆ ನಾನು ಹೇಳಿದ್ದೇ ಆಗಿದೆ. ಒಂದು ತಾರೀಖಿಗೂ ಗುರುತಿಲ್ಲ ಅಂದರೆ ಡಿಸ್ಕ್ ಡಿವಿಆರ್‌ನ ಕಣ್ಣಿಗೇ ಬಿದ್ದಿಲ್ಲ, ಇಲ್ಲವೇ ಅದನ್ನು ಫಾರ್ಮ್ಯಾಟ್ ಮಾಡಿಲ್ಲ. ಮಧ್ಯೆ ಮಧ್ಯೆ ದಿನಗಳು ಹಾರಿಹೋಗಿದ್ದರೆ ಶೆಡ್ಯೂಲ್‌ನಲ್ಲಿ ಏನೋ ಎಡವಟ್ಟು, ಅಥವಾ ಕರೆಂಟ್ ತೊಂದರೆ, ಅಥವಾ ಆಗ ನಿಜವಾಗಿಯೂ ಡಿಸ್ಕನ್ನು ಅನುಮಾನಿಸಬೇಕು.

ಪರದೆಯಲ್ಲಿ ಚಿತ್ರ ಬರುತ್ತಿದೆ ಅಂದಿರಲ್ಲ, ಅದಕ್ಕೂ ರೆಕಾರ್ಡಿಂಗ್‌ಗೂ ಸಂಬಂಧವಿಲ್ಲ. ಡಿಸ್ಕನ್ನೇ ತೆಗೆದಿಟ್ಟರೂ ಲೈವ್ ಚಿತ್ರ ಬಂದೇ ಬರುತ್ತದೆ. ಇದನ್ನು ಮರೆತೇ ಜಾಸ್ತಿ ಜನ ಮೋಸಹೋಗುವುದು.

ಈಗ ಲೆಕ್ಕಕ್ಕೆ ಬರೋಣ. ಕ್ಯಾಮರಾದ ಮೆಗಾಪಿಕ್ಸೆಲ್ ನೋಡಿ ದಿನ ಲೆಕ್ಕ ಹಾಕಲು ಹೋಗಬೇಡಿ. ನೋಡಬೇಕಾದ ಅಂಕಿ ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಮಾಹಿತಿ ಡಿಸ್ಕಿಗೆ ಹೋಗುತ್ತದೆ ಅನ್ನುವುದು. ಒಂದು ಸೂತ್ರ ನೆನಪಿಟ್ಟರೆ ಸಾಕು. 1 ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ನಂತೆ, 24 ಗಂಟೆ ಬರೆದರೆ 10.8 ಜಿಬಿ. ದಿನಕ್ಕೆ 86,400 ಸೆಕೆಂಡ್, ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ ಈ ಅಂಕಿ.

ನಿಮ್ಮದು 2 ಮೆಗಾಪಿಕ್ಸೆಲ್ ಕ್ಯಾಮರಾಗಳು ಅಂದುಕೊಳ್ಳೋಣ. ಎಷ್ಟೋ ಕಡೆ ಬಿಟ್‌ರೇಟ್ 4096 ಅಂತ ಇಟ್ಟುಬಿಟ್ಟಿರುತ್ತಾರೆ, ಅಂದರೆ ಸುಮಾರು 4 ಎಂಬಿಪಿಎಸ್. ಒಂದು ಕ್ಯಾಮರಾಗೆ ದಿನಕ್ಕೆ 43 ಜಿಬಿ ಚಿಲ್ಲರೆ. ನಾಲ್ಕಕ್ಕೆ 173. 1 ಟಿಬಿ ಡಿಸ್ಕ್ ಆರು ದಿನವೂ ಪೂರ್ತಿ ಬರುವುದಿಲ್ಲ. ನೀವು ಹುಡುಕಿದ್ದು ಎಂಟನೇ ದಿನದ್ದು. ಡಿಸ್ಕ್ ಎಷ್ಟು ಹೊಸದಾಗಿದ್ದರೂ ಅದು ಸಿಗುತ್ತಿರಲಿಲ್ಲ.

ಅಂದಹಾಗೆ, 1 ಟಿಬಿ ಹಾಕಿದರೂ ಮೆನುವಿನಲ್ಲಿ 931 ಜಿಬಿ ಅಂತ ತೋರಿಸುತ್ತದೆ. ಯಾರೂ ಕದ್ದಿಲ್ಲ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಡಿವಿಆರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಹಾಗಾದರೆ ದೊಡ್ಡ ಡಿಸ್ಕ್ ತಂದು ಹಾಕುವುದೇ? ಮೊದಲು ಸೆಟ್ಟಿಂಗ್ ನೋಡಿ. ಕ್ಯಾಮರಾ ಅಥವಾ ಎನ್‌ಕೋಡ್ ಅನ್ನುವ ಮೆನುವಿನಲ್ಲಿ ಫ್ರೇಮ್ ರೇಟ್ 25 ಇದ್ದರೆ 15ಕ್ಕೆ ಇಳಿಸಿ. ಗೇಟಿನಲ್ಲಿ ಯಾರು ಬಂದರು, ಯಾರು ಹೋದರು ಅಂತ ನೋಡಲು ಸೆಕೆಂಡಿಗೆ 15 ಚಿತ್ರ ಧಾರಾಳ. ಅದರ ಜೊತೆಗೆ ಬಿಟ್‌ರೇಟನ್ನು 2048ಕ್ಕೆ ಇಳಿಸಿ. ಬರೀ ಫ್ರೇಮ್ ರೇಟ್ ಇಳಿಸಿ ಬಿಟ್‌ರೇಟ್ ಹಾಗೇ ಬಿಟ್ಟರೆ ಜಾಗ ಉಳಿಯುತ್ತದೆ ಅನ್ನುವ ಖಾತ್ರಿ ಇಲ್ಲ. ಇಷ್ಟು ಮಾಡಿದರೆ ಆರು ದಿನ ಇದ್ದದ್ದು ಹನ್ನೊಂದು ದಿನ ದಾಟುತ್ತದೆ. ಕೊನೆಗೆ ಕಂಪ್ರೆಶನ್, ಅಂದರೆ ದೃಶ್ಯವನ್ನು ಕುಗ್ಗಿಸಿ ಬರೆಯುವ ವಿಧಾನ ಯಾವುದು ಅಂತ ನೋಡಿ. ಎಚ್.264 ಇದ್ದು, ನಿಮ್ಮ ಡಿವಿಆರ್‌ನಲ್ಲಿ ಎಚ್.265 ಸಿಗುತ್ತಿದ್ದರೆ ಅದನ್ನೇ ಆರಿಸಿ. 2003ರಲ್ಲಿ ಬಂದ ಮೊದಲನೆಯದಕ್ಕಿಂತ 2013ರಲ್ಲಿ ಬಂದ ಎರಡನೆಯದು ಅದೇ ಗುಣಮಟ್ಟವನ್ನು ಹೆಚ್ಚುಕಮ್ಮಿ ಅರ್ಧ ಜಾಗದಲ್ಲಿ ಕೊಡುತ್ತದೆ. ಆಗ ಬಿಟ್‌ರೇಟ್ 1024 ಮಾಡಿಕೊಂಡರೆ ಅದೇ 1 ಟಿಬಿಯಲ್ಲಿ ಸುಮಾರು 23 ದಿನ.

ಬಿಟ್‌ರೇಟ್ ಇಳಿಸಿದ ಮೇಲೆ ರಾತ್ರಿಯ ದೃಶ್ಯ ಒಂದು ಸಲ ನೋಡಿ. ಹಗಲಿನದ್ದು ಚೆನ್ನಾಗಿಯೇ ಇರುತ್ತದೆ, ಕತ್ತಲಲ್ಲೇ ಬಣ್ಣ ಬಯಲಾಗುವುದು. ಬೆಳಕು ಕಮ್ಮಿ ಇದ್ದಾಗ ಚಿತ್ರದಲ್ಲಿ ಮರಳು ಎರಚಿದ ಹಾಗೆ ಕಾಳುಕಾಳು ಬರುತ್ತದಲ್ಲ, ಡಿವಿಆರ್‌ಗೆ ಅದೂ ಚಲನೆಯೇ. ಆ ಕಾಳುಗಳನ್ನು ಬರೆಯುವುದರಲ್ಲೇ ಅರ್ಧ ಬಿಟ್‌ರೇಟ್ ಖರ್ಚಾಗಿ, ಮನುಷ್ಯನ ಮುಖ ಮೇಣದ ಹಾಗೆ ಕರಗಿ ಕಾಣುತ್ತದೆ. ಹಾಗಾದರೆ ಗೇಟಿನ ಕ್ಯಾಮರಾ ಒಂದಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಕೊಡಿ. ಎಲ್ಲಾ ಕ್ಯಾಮರಾಗೂ ಒಂದೇ ಅಂಕಿ ಇರಬೇಕು ಅಂತೇನೂ ಇಲ್ಲ.

ಇನ್ನೊಂದು ದಾರಿ ಮೋಷನ್ ರೆಕಾರ್ಡಿಂಗ್. ಏನಾದರೂ ಅಲುಗಾಡಿದಾಗ ಮಾತ್ರ ಬರೆಯುವುದು. ಜಾಗ ತುಂಬಾ ಉಳಿಯುತ್ತದೆ, ಒಪ್ಪುತ್ತೇನೆ. ಆದರೂ ಮುಖ್ಯ ಬಾಗಿಲಿಗೆ, ಗೇಟಿಗೆ ಅದೊಂದನ್ನೇ ನಂಬಿಕೊಳ್ಳಬೇಡಿ ಅಂತ ನನ್ನ ಮಾತು. ದೂರದಲ್ಲಿ ನಡೆದುಹೋದ ಮನುಷ್ಯ ಚಿತ್ರದಲ್ಲಿ ಚಿಕ್ಕದಾಗಿ ಕಂಡರೆ ಡಿವಿಆರ್ ಎಚ್ಚರವೇ ಆಗದೆ ಇರಬಹುದು. ಆದರೆ ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿಯಿಡೀ ರೆಕಾರ್ಡ್ ಮಾಡುತ್ತದೆ. ಕ್ಯಾಮರಾದ ಇನ್‌ಫ್ರಾರೆಡ್ ದೀಪದ ಬೆಳಕು ನಮಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ಆದರೆ ಅದು ಬಿದ್ದ ಒಂದು ಎಳೆ ಬಲೆ ಪರದೆಯ ಮೇಲೆ ಹಗ್ಗದ ಹಾಗೆ ಓಲಾಡುತ್ತದೆ. ತಿಂಗಳಿಗೊಂದು ಸಲ ಉದ್ದ ಕೋಲಿಗೆ ಬಟ್ಟೆ ಕಟ್ಟಿ ಒರೆಸುವುದು ಯಾವ ಸೆಟ್ಟಿಂಗ್‌ಗಿಂತಲೂ ಮೇಲು. ಒಳಗಿನ ಕೋಣೆಗೆ, ಗೋದಾಮಿಗೆ ಮೋಷನ್ ಇಡಿ. ಆಗ ಪ್ರೀ ರೆಕಾರ್ಡ್ ಅನ್ನುವ ಆಯ್ಕೆಯನ್ನು ಆನ್ ಮಾಡಿ, ಚಲನೆ ಗೊತ್ತಾಗುವ ಮೊದಲಿನ ಕೆಲವು ಸೆಕೆಂಡೂ ಉಳಿಯುತ್ತದೆ. ಹೊರಗಿನದ್ದು 24 ಗಂಟೆಯೂ ಓಡಲಿ.

ಇಷ್ಟೆಲ್ಲ ಮಾಡಿಯೂ ತಿಂಗಳು ಪೂರ್ತಿ ಬೇಕು ಅಂದರೆ ಆಗ ದೊಡ್ಡ ಡಿಸ್ಕ್. ನಾಲ್ಕು ಕ್ಯಾಮರಾ, ತಲಾ 2 ಎಂಬಿಪಿಎಸ್, 30 ದಿನ: 2,592 ಜಿಬಿ. 3 ಟಿಬಿಗೆ ಹೇಗೋ ಹಿಡಿಸುತ್ತದೆ, 4 ಟಿಬಿ ಆದರೆ ಆರಾಮ. ಕೊಳ್ಳುವ ಮೊದಲು ಡಿವಿಆರ್ ಎಷ್ಟು ಟಿಬಿ ತನಕ ಒಪ್ಪುತ್ತದೆ ಅಂತ ಅದರ ಕೈಪಿಡಿಯಲ್ಲಿ ನೋಡಿ. ಹಳೆಯ ಕೆಲವು ಪೆಟ್ಟಿಗೆಗಳು 2 ಟಿಬಿಗಿಂತ ಮೇಲಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಸುಮ್ನೆ ಬಿದ್ದಿರುವ ಕಂಪ್ಯೂಟರಿನ ಡಿಸ್ಕ್ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಿದರೆ ಓಡುತ್ತದೆ. ಆದರೆ ಅದು ದಿನಕ್ಕೆ ಒಂದಷ್ಟು ಗಂಟೆ ಕೆಲಸ ಮಾಡಿ ಮಲಗುವ ಡಿಸ್ಕ್. ಡಿವಿಆರ್‌ನಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಹಗಲೂ ರಾತ್ರಿ ಬರೆಯುತ್ತಲೇ ಇರಬೇಕು. ಅದಕ್ಕೇ ಅಂತ ಮಾಡಿದ ಡಿಸ್ಕ್‌ಗಳಿವೆ: ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್, ತೊಶಿಬಾದ ಎಸ್300. ಇವುಗಳಲ್ಲಿ ಒಂದನ್ನು ಹಾಕಿ.

ಹಾಕುವುದು ಕಷ್ಟದ ಕೆಲಸವಲ್ಲ. ಮೆನುವಿನಿಂದ ಶಟ್‌ಡೌನ್ ಮಾಡಿ, ಅಡಾಪ್ಟರ್ ಕಿತ್ತು, ಒಂದು ನಿಮಿಷ ಬಿಡಿ. ಹಿಂದೆ, ಪಕ್ಕದಲ್ಲಿ ಇರುವ ಸ್ಕ್ರೂ ಬಿಚ್ಚಿದರೆ ಮುಚ್ಚಳ ಹಿಂದಕ್ಕೆ ಜಾರುತ್ತದೆ. ಒಳಗೆ ಎರಡು ಸಾಟಾ ಕೇಬಲ್ ಕಾಣುತ್ತವೆ, ಒಂದು ಡೇಟಾಗೆ, ಇನ್ನೊಂದು ಕರೆಂಟ್‌ಗೆ. ಎರಡರ ಬಾಯಿಯೂ ಇಂಗ್ಲಿಷ್‌ನ ಎಲ್ ಆಕಾರದಲ್ಲಿ ಇರುವುದರಿಂದ ತಿರುಗುಮುರುಗು ಹೋಗುವುದಿಲ್ಲ. ಹೋಗದಿದ್ದರೆ ಒತ್ತಬೇಡಿ, ತಿರುಗಿಸಿ ನೋಡಿ. ಡಿಸ್ಕನ್ನು ಪೆಟ್ಟಿಗೆಯ ಅಡಿಯಿಂದ ನಾಲ್ಕು ಸ್ಕ್ರೂ ಹಾಕಿ ಬಿಗಿಯಿರಿ. ಎರಡೇ ಹಾಕಿ ಬಿಟ್ಟರೆ ಆಮೇಲೆ ಗುಂಯ್ ಅನ್ನುವ ಸದ್ದು, ಅದರ ಹಿಂದೆಯೇ ಅದುರುವಿಕೆ. ಆನ್ ಮಾಡಿದ ಮೇಲೆ ಸ್ಟೋರೇಜ್ ಮೆನುವಿಗೆ ಹೋಗಿ, ಹೊಸ ಡಿಸ್ಕ್ ಆರಿಸಿ ಫಾರ್ಮ್ಯಾಟ್ ಕೊಡಿ. ಕೆಲವದರಲ್ಲಿ ಇದಕ್ಕೆ ಇನಿಶಿಯಲೈಸ್ ಅಂತ ಹೆಸರು. ಡಿಸ್ಕಿನಲ್ಲಿ ಇದ್ದಬದ್ದದ್ದೆಲ್ಲ ಹೋಗುತ್ತದೆ, ನೆನಪಿರಲಿ. ಓವರ್‌ರೈಟ್ ಆನ್ ಇದೆಯಾ ಅಂತಲೂ ಅಲ್ಲೇ ನೋಡಿ. ಅದು ಆಫ್ ಇದ್ದರೆ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಂತುಹೋಗುತ್ತದೆ. ಅದು ಇನ್ನೂ ಕೆಟ್ಟದ್ದು.

ಗಡಿಯಾರದ ವಿಷಯ ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಯಾಕೆಂದರೆ ಇದರಲ್ಲಿ ನಾನೇ ಬಿದ್ದಿದ್ದೇನೆ. ಸಂಜೆ ಆರೂವರೆಗೆ ಬಾಗಿಲಲ್ಲಿ ಇಟ್ಟುಹೋದ ಪಾರ್ಸೆಲ್ ಕಾಣೆಯಾಗಿತ್ತು. ಡಿವಿಆರ್‌ನಲ್ಲಿ ಆರೂವರೆಗೆ ಹೋಗಿ ನೋಡಿದರೆ ಸುಡುಬಿಸಿಲು, ಓಡಾಡುವವರ ನೆರಳು ಅವರ ಕಾಲ ಬುಡದಲ್ಲೇ ಇದೆ! ಟೈಮ್ ಜೋನ್ ತಪ್ಪಾಗಿ ಆಯ್ಕೆಯಾಗಿ ಗಡಿಯಾರ ಐದೂವರೆ ಗಂಟೆ ಮುಂದೆ ಓಡುತ್ತಿತ್ತು. ನನಗೆ ಬೇಕಿದ್ದ ದೃಶ್ಯ ಮರುದಿನದ ತಾರೀಖಿನಲ್ಲಿ, ನಡುರಾತ್ರಿಯ ಜಾಗದಲ್ಲಿ ಕೂತಿತ್ತು. ಅಂದು ತಾಳ್ಮೆ ಇತ್ತು, ಸಿಕ್ಕಿತು. ಇಲ್ಲದಿದ್ದರೆ ನಾನೂ ನಿಮ್ಮ ಹಾಗೇ ಡಿಸ್ಕ್ ಕೆಟ್ಟಿದೆ ಅಂತ ಹೊರಡುತ್ತಿದ್ದೆ.

ಹಾಗಾಗಿ ಟೈಮ್ ಜೋನ್ ಸರಿ ಮಾಡಿ, ಇಂಟರ್ನೆಟ್ ಇದ್ದರೆ ಎನ್‌ಟಿಪಿ ಆನ್ ಮಾಡಿ, ಗಡಿಯಾರ ತಾನೇ ಸರಿಹೋಗುತ್ತಿರುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಯಾವುದೋ ಹಳೇ ವರ್ಷಕ್ಕೆ ಓಡುತ್ತಿದ್ದರೆ ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಸಾಮಾನ್ಯವಾಗಿ ಅದು ಸಿಆರ್2032. ಯಾವುದಾದರೂ ದೃಶ್ಯ ಬೇಕಾಗಿದ್ದರೆ ಮೊದಲು ಅದನ್ನು ಕಾಪಿ ಮಾಡಿಕೊಳ್ಳಿ, ಗಡಿಯಾರಕ್ಕೆ ಕೈ ಹಾಕುವುದು ಆಮೇಲೆ.

ಕಾಪಿ ಮಾಡುವಾಗ ಪೆನ್‌ಡ್ರೈವ್ ಫ್ಯಾಟ್32ನಲ್ಲಿ ಫಾರ್ಮ್ಯಾಟ್ ಆಗಿರಲಿ, ಅದನ್ನು ಹೆಚ್ಚುಕಮ್ಮಿ ಎಲ್ಲಾ ಡಿವಿಆರ್ ಓದುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ, ಆದ್ದರಿಂದ ಇಡೀ ದಿನದ್ದು ಎಳೆಯಬೇಡಿ, ಬೇಕಾದ ಹೊತ್ತಿನ ಹಿಂದೆ ಮುಂದೆ ಹತ್ತು ಹತ್ತು ನಿಮಿಷ ಸಾಕು. ಎಂಪಿ4 ಆಯ್ಕೆ ಇದ್ದರೆ ಹೆಚ್ಚುಕಮ್ಮಿ ಎಲ್ಲಿ ಬೇಕಾದರೂ ತೆರೆಯುತ್ತದೆ. ಡಿವಿಆರ್‌ನ ಸ್ವಂತ ಫಾರ್ಮ್ಯಾಟ್‌ನಲ್ಲಿ ಮಾತ್ರ ಬಂದರೆ ಅದರ ಪ್ಲೇಯರನ್ನೂ ಜೊತೆಗೇ ಕಾಪಿ ಮಾಡಿಕೊಳ್ಳಿ. ಪೊಲೀಸರಿಗೋ ವಿಮೆಯವರಿಗೋ ಕೊಡುವುದಿದ್ದರೆ ಇನ್ನೊಂದು ಕೆಲಸ: ಫೋನಿನ ಗಡಿಯಾರವನ್ನು ಡಿವಿಆರ್ ಪರದೆಯ ಪಕ್ಕ ಹಿಡಿದು, ಎರಡೂ ಸಮಯ ಕಾಣುವ ಹಾಗೆ ಬೇರೆ ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ನಾಲ್ಕು ನಿಮಿಷ ವ್ಯತ್ಯಾಸ ಇದ್ದರೂ ಆಮೇಲೆ ವಾದ ಬರುವುದಿಲ್ಲ.

ಫೋನಿನಲ್ಲಿ ನೋಡಲು ಡಿವಿಆರನ್ನು ಇಂಟರ್ನೆಟ್‌ಗೆ ಹಾಕಿದ್ದೀರಾ? ಹಾಗಿದ್ದರೆ ಅದರೊಂದಿಗೆ ಬಂದ ಪಾಸ್‌ವರ್ಡನ್ನು ಇವತ್ತೇ ಬದಲಿಸಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಹಾಕಿ ನೋಡಿ ಲಕ್ಷಾಂತರ ಕ್ಯಾಮರಾ, ಡಿವಿಆರ್, ರೂಟರ್‌ಗಳ ಒಳಗೆ ನುಗ್ಗಿತ್ತು. ಆ ವರ್ಷದ ಅಕ್ಟೋಬರ್ 21ರಂದು ಇಂಥ ಪೆಟ್ಟಿಗೆಗಳ ದಂಡೇ ಡೈನ್ ಅನ್ನುವ, ಜಾಲತಾಣಗಳ ಹೆಸರಿನಿಂದ ಅವುಗಳ ವಿಳಾಸ ಹುಡುಕಿಕೊಡುವ ಕಂಪನಿಯ ಮೇಲೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಎಷ್ಟೋ ಜನರಿಗೆ ತೆರೆಯದ ಹಾಗಾಗಿತ್ತು. ಮನೆ ಕಾಯಲು ಇಟ್ಟ ಪೆಟ್ಟಿಗೆ ಇಂಥ ಕೆಲಸಕ್ಕೂ ಹೋಗುತ್ತದೆ. ಹೊಸ ಪಾಸ್‌ವರ್ಡನ್ನು ಬರೆದು ಭದ್ರವಾಗಿಡಿ, ಮರೆತರೆ ಅದನ್ನು ರೀಸೆಟ್ ಮಾಡಿಸುವುದು ದೊಡ್ಡ ತಲೆನೋವು. ರೂಟರ್‌ನಲ್ಲಿ ಪೋರ್ಟ್ ತೆರೆದು, ಹೊರಗಿನಿಂದ ಡಿವಿಆರ್‌ಗೆ ನೇರ ದಾರಿ ಕೊಡುವ ಹಳೇ ಪದ್ಧತಿಯೂ ಬೇಡ.

ಇನ್ನು ನಿಮ್ಮ ಗಾಡಿಯ ವಿಷಯ. ಮೇಲೆ ಹೊಸದು ಬರೆದಾದ ದೃಶ್ಯವನ್ನು ಯಾವ ರಿಕವರಿ ಸಾಫ್ಟ್‌ವೇರೂ ತಂದುಕೊಡುವುದಿಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಆದರೆ ನಿಮ್ಮ ಗೇಟು ಎದುರಿನವರ ಕ್ಯಾಮರಾಗೂ ಕಾಣುತ್ತಿರಬಹುದಲ್ವಾ? ಅವರದ್ದು ಹತ್ತು ದಿನ ಉಳಿಯುವ ಡಿಸ್ಕ್ ಆಗಿದ್ದರೆ ನಿಮಗೆ ಇನ್ನು ಎರಡು ದಿನ ಇದೆ. ಇವತ್ತು ಸಂಜೆಯೇ, ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೋಗಿ ಕೇಳಿ.