ಬೆಕ್ಕಿನ ಲಿಟರ್ ಬಾಕ್ಸ್ ತಾನೇ ಶುಚಿಯಾದರೆ ನಮಗೇನು ಕೆಲಸ?

ಪ್ರಶ್ನೆ: ನಾವು ರಾಯಚೂರಿನವರು. ಮೊದಲ ಮಹಡಿಯ ಬಾಡಿಗೆ ಮನೆ, ಅಂಗಳವಿಲ್ಲ. ನಾಲ್ಕು ವರ್ಷದ ಗಂಡು ಬೆಕ್ಕು ಒಂದು, ಮೂರು ತಿಂಗಳ ಮರಿ ಒಂದು. ನಾವಿಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಯೇ. ಬಾಗಿಲು ತೆರೆದ ಕೂಡಲೇ ವಾಸನೆ ಮೂಗಿಗೆ ಅಡರುತ್ತದೆ. ಬೆಕ್ಕು ಮಲಮೂತ್ರ ಮಾಡಲು ಮಣ್ಣು ಹಾಕಿಡುವ ತಟ್ಟೆ, ಅಂದರೆ ಲಿಟರ್ ಬಾಕ್ಸ್, ತಾನೇ ಶುಚಿಗೊಳ್ಳುವಂಥದ್ದನ್ನು ಕೊಂಡರೆ ಈ ಕಾಟ ತಪ್ಪುತ್ತದೆಯೇ?

ಉತ್ತರ: ಅರ್ಧ ತಪ್ಪುತ್ತದೆ. ಬಗ್ಗಿ ಸೌಟಿನಿಂದ ಎತ್ತುವ ಕೆಲಸ ಯಂತ್ರದ ಪಾಲಿಗೆ ಹೋಗುತ್ತದೆ. ಒಳಗೆ ಏನು ಬಿದ್ದಿದೆ ಎಂದು ನೋಡುವ ಕೆಲಸ ಮಾತ್ರ ನಿಮಗೇ ಉಳಿಯುತ್ತದೆ. ಮಾರುವವರು ಮೊದಲನೆಯದನ್ನಷ್ಟೇ ಹೇಳುತ್ತಾರೆ.

ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ತಟ್ಟೆಯ ಮೇಲೆ ಹಲ್ಲಿನ ಪಟ್ಟಿ ಹರಿದಾಡಿ, ಮಲಮೂತ್ರ ಸೇರಿ ಗಟ್ಟಿಯಾದ ಮಣ್ಣಿನ ಉಂಡೆಗಳನ್ನು ಒಂದು ಬದಿಗೆ ಗೋರುತ್ತದೆ. ಇನ್ನೊಂದು, ಸಿಮೆಂಟ್ ಕಲಸುವ ಯಂತ್ರದಂತೆ ತಿರುಗುವ ಡ್ರಮ್ಮು. ಈಗ ಹೆಚ್ಚು ಮಾರಾಟವಾಗುವುದು ಇದೇ. ಬೆಕ್ಕು ಒಳಗೆ ಹೋದದ್ದನ್ನು ತಳದ ತೂಕದ ಸಂವೇದಕ ಗುರುತಿಸುತ್ತದೆ. ಬೆಕ್ಕು ಹೊರಬಂದ ಮೇಲೆ ಮಣ್ಣು ಗಟ್ಟಿಯಾಗಲೆಂದು ಯಂತ್ರ ಕೆಲವು ನಿಮಿಷ ಕಾಯುತ್ತದೆ. ಬಳಿಕ ಡ್ರಮ್ಮು ನಿಧಾನವಾಗಿ ಹೊರಳುತ್ತದೆ. ಪುಡಿಮಣ್ಣು ಜರಡಿಯಿಂದ ಇಳಿದು ಒಳಗೇ ಉಳಿಯುತ್ತದೆ, ಉಂಡೆಗಳು ಕೆಳಗಿನ ಡಬ್ಬಿಗೆ ಬೀಳುತ್ತವೆ. ಬೆಕ್ಕಿಗೆ ಭೇದಿಯಾದ ದಿನ ಈ ಅಚ್ಚುಕಟ್ಟು ಕೆಡುತ್ತದೆ. ತೆಳ್ಳಗಿನದು ಉಂಡೆಯಾಗದೆ ಡ್ರಮ್ಮಿನ ಗೋಡೆಗೆಲ್ಲ ಸವರಿಕೊಳ್ಳುತ್ತದೆ. ಆಗ ಯಂತ್ರ ಬಿಚ್ಚಿ ತೊಳೆಯುವವರು ನೀವೇ.

ಹಾಗಾಗಿ ಯಂತ್ರಕ್ಕಿಂತ ಮುಂಚೆ ಮಣ್ಣಿನ ಬಗ್ಗೆ ಯೋಚಿಸಿ. ಇದಕ್ಕೆ ಉಂಡೆಗಟ್ಟುವ ಮಣ್ಣೇ ಬೇಕು; ಸಾಮಾನ್ಯವಾಗಿ ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಸುತ್ತಾರೆ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಸಿಗುವುದು ಗುಜರಾತ್ ಮತ್ತು ರಾಜಸ್ಥಾನದಲ್ಲಿ. ಅದರ ಗುಣ ರಾಯಚೂರಿನವರಿಗೆ ಹೊಸದಲ್ಲ. ನಮ್ಮ ಎರೆಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಬಾಯಿ ಬಿಡುತ್ತದಲ್ಲ, ಅದಕ್ಕೆ ಕಾರಣವಾದ ಸ್ಮೆಕ್ಟೈಟ್ ಗುಂಪಿನ ಜೇಡಿ ಖನಿಜವೇ ಬೆಂಟೊನೈಟಿನಲ್ಲೂ ಇರುವುದು. ಹಾಗೆಂದು ಮಾನ್ವಿ ಕಡೆಯ ಹೊಲದಿಂದ ಚೀಲ ತುಂಬಿ ತರಬೇಡಿ. ಹೊಲದ ಮಣ್ಣು ಪಾದಕ್ಕೆ ಮೆತ್ತಿಕೊಂಡು ನಿಮ್ಮ ಹಾಸಿಗೆಯವರೆಗೆ ಬರುತ್ತದೆ, ಜರಡಿಯ ಕಣ್ಣುಗಳನ್ನೂ ಮುಚ್ಚಿಬಿಡುತ್ತದೆ. ಸಿಂಧನೂರಿನ ಅಕ್ಕಿ ಗಿರಣಿಗಳ ಭತ್ತದ ಹೊಟ್ಟು, ಮರದ ಹುಡಿ, ಮರಳು ಇವು ಯಾವುವೂ ಉಂಡೆಗಟ್ಟುವುದಿಲ್ಲ. ಸಾದಾ ತಟ್ಟೆಗಾದರೆ ನಡೆದೀತು, ಯಂತ್ರಕ್ಕೆ ಸಲ್ಲದು. ಒಮ್ಮೆ ಯಂತ್ರ ಕೊಂಡರೆ ಮಣ್ಣಿನ ಖರ್ಚು ಪ್ರತಿ ತಿಂಗಳೂ ಇದ್ದೇ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ವಾರಕ್ಕೊಮ್ಮೆ ಡಬ್ಬಿ ಖಾಲಿ ಮಾಡಿದರೆ ಸಾಕು ಎಂಬ ಜಾಹೀರಾತಿನ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಬರೆದವರು ಮೇ ತಿಂಗಳಲ್ಲಿ ರಾಯಚೂರಿಗೆ ಬಂದಿರಲಾರರು. 40 ಡಿಗ್ರಿ ದಾಟಿದ ಮಧ್ಯಾಹ್ನ ಮುಚ್ಚಿದ ಮನೆಯಲ್ಲಿ ಮೂತ್ರ ಕೊಳೆತು ಅಮೋನಿಯಾ ಬಿಡುವುದು ಬೇಗ. ಎರಡು ದಿನಕ್ಕೊಮ್ಮೆ ತೆಗೆಯಿರಿ. ಇನ್ನು ಕರೆಂಟು. ಪಕ್ಕದ ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದ್ದರೂ ಇನ್ವರ್ಟರ್ ಇಟ್ಟುಕೊಳ್ಳುವುದು ನಮಗೆ ತಪ್ಪಿಲ್ಲ. ಡ್ರಮ್ಮು ಅರ್ಧ ತಿರುಗಿದಾಗ ಕರೆಂಟು ಹೋದರೆ ಅದರ ಬಾಯಿ ಅಲ್ಲೇ ನಿಲ್ಲುತ್ತದೆ. ಬೆಕ್ಕು ನಿಮಗಾಗಿ ಕಾಯುವುದಿಲ್ಲ, ಕಾಲೊರೆಸು ಹುಡುಕಿಕೊಳ್ಳುತ್ತದೆ. ಯಂತ್ರ ತಂದರೂ ಹಳೆಯ ತಟ್ಟೆಯನ್ನು ಎಸೆಯಬೇಡಿ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ತಟ್ಟೆ ಇರಲಿ ಎಂದು ಪಶುವೈದ್ಯರು ಹೇಳುವುದೂ ಉಂಟು.

ನಿಮ್ಮ ಮರಿಯ ವಿಷಯದಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಈಗಲೇ ಬೇಡ. ಮೂರು ತಿಂಗಳ ಮರಿ ತೂಕದ ಸಂವೇದಕಕ್ಕೆ ಕಾಣಿಸದಷ್ಟು ಹಗುರವಿರಬಹುದು. 1.5 ಕಿಲೋಗಿಂತ ಕಡಿಮೆ ತೂಕದ ಮರಿ ಇದ್ದರೆ ತಾನಾಗಿ ತಿರುಗುವ ವ್ಯವಸ್ಥೆಯನ್ನು ನಿಲ್ಲಿಸಿಡಿ ಎಂದು ಹಲವು ತಯಾರಕರೇ ಹೇಳುತ್ತಾರೆ. ಹೆಸರಿಲ್ಲದ ಅಗ್ಗದ ಯಂತ್ರಗಳಲ್ಲಿ ಬೆಕ್ಕು ಸಿಕ್ಕಿಕೊಂಡು ಸತ್ತ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ. ಮರಿ ಬೆಳೆದ ಮೇಲೆ ಕೊಂಡರೂ, ತಿರುಗುತ್ತಿರುವಾಗ ಡ್ರಮ್ಮಿನ ಬಾಯಿಗೆ ಸುತ್ತಿದ ಟವೆಲನ್ನು ತೂರಿಸಿ ನೋಡಿ. ಒಡನೆಯೇ ನಿಲ್ಲದಿದ್ದರೆ ಹಿಂದಿರುಗಿಸಿ, ಎರಡನೇ ಮಾತು ಬೇಡ.

ಗಂಡು ಬೆಕ್ಕಿನ ಚಿಂತೆ ಬೇರೆ. ಗಂಡು ಬೆಕ್ಕಿನ ಮೂತ್ರನಾಳ ಸಪೂರ. ಹರಳೋ ಲೋಳೆಯೋ ಅಡ್ಡ ಬಂದರೆ ಮೂತ್ರ ಕಟ್ಟಿ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಕುತ್ತು. ಮತ್ತೆ ಮತ್ತೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಮಣ್ಣು ಮಾತ್ರ ಒಣಗಿಯೇ ಇರುತ್ತದೆ. ಸೌಟು ಹಿಡಿದವರಿಗೆ ‘ಇವತ್ತು ಉಂಡೆಯೇ ಇಲ್ಲವಲ್ಲ’ ಎಂದು ತಕ್ಷಣ ಹೊಳೆಯುತ್ತದೆ. ಎಲ್ಲವೂ ಡಬ್ಬಿಗೆ ಬಿದ್ದು ಮುಚ್ಚಿಹೋದರೆ ಹೊಳೆಯುವುದಿಲ್ಲ. ಬೆಕ್ಕು ಎಷ್ಟು ಸಲ ಹೋಯಿತೆಂದು ಮೊಬೈಲಿಗೆ ತಿಳಿಸುವ ಯಂತ್ರಗಳಿವೆ, ಅದು ಉಪಯೋಗದ್ದೇ. ಆದರೆ ಹೋದದ್ದಕ್ಕೂ ಆದದ್ದಕ್ಕೂ ವ್ಯತ್ಯಾಸವಿದೆ. ಇಂಥ ಲಕ್ಷಣ ಕಂಡರೆ ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರ ಬಳಿಗೆ ಒಯ್ಯಿರಿ.

ಮನೆಯಲ್ಲಿ ಗರ್ಭಿಣಿಯರಿದ್ದರೆ ಡಬ್ಬಿ ತೆಗೆಯುವ ಕೆಲಸ ಬೇರೆಯವರದಾಗಲಿ. ಬೆಕ್ಕಿನ ಮಲದಲ್ಲಿ ಬರಬಹುದಾದ, ಹೊಟ್ಟೆಯಲ್ಲಿರುವ ಮಗುವಿಗೆ ಕೇಡು ಮಾಡಬಲ್ಲ ಟೊಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಹೊರಬಿದ್ದು ಒಂದರಿಂದ ಐದು ದಿನಗಳಲ್ಲಿ ಸೋಂಕು ಹರಡುವ ಹಂತ ತಲುಪುತ್ತದೆ. ಡಬ್ಬಿಯನ್ನು ವಾರಗಟ್ಟಲೆ ಬಿಡಬಾರದೆನ್ನಲು ಇದೂ ಒಂದು ಕಾರಣ.

ಸದ್ಯಕ್ಕೆ ಇನ್ನೆರಡು ದೊಡ್ಡ ತಟ್ಟೆ, ಒಳ್ಳೆಯ ಉಂಡೆಗಟ್ಟುವ ಮಣ್ಣು ತನ್ನಿ. ಬೆಳಿಗ್ಗೆ ಹೊರಡುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಎತ್ತಿ. ವಾಸನೆ ಬಹುಮಟ್ಟಿಗೆ ಇಳಿಯುತ್ತದೆ. ಹತ್ತಾರು ಸಾವಿರದ ಯಂತ್ರವನ್ನು ಮರಿ ಬೆಳೆದ ಮೇಲೂ ಬೇಕೆನಿಸಿದರೆ ಕೊಳ್ಳಿ. ತಂದ ದಿನವೇ ಚಾಲೂ ಮಾಡದೆ, ಹಳೆಯ ತಟ್ಟೆಯ ಒಂದು ಹಿಡಿ ಮಣ್ಣು ಬೆರೆಸಿ ಸುಮ್ಮನೆ ಪಕ್ಕದಲ್ಲಿಡಿ. ಬೆಕ್ಕು ತಾನಾಗಿ ಬಳಸತೊಡಗಿದ ಮೇಲೆ ಗುಂಡಿ ಒತ್ತಿ. ಮತ್ತೆ, ತೆಗೆದ ಉಂಡೆಗಳನ್ನು ಶೌಚಾಲಯಕ್ಕೆ ಸುರಿಯಬೇಡಿ. ಮೊದಲ ಮಹಡಿಯ ಕೊಳವೆಯೊಳಗೆ ಅದು ಉಬ್ಬಿ ಕೂತರೆ ಕೆಳಗಿನ ಮನೆಯವರಿಗೆ ನೀವು ಉತ್ತರ ಹೇಳಬೇಕಾಗುತ್ತದೆ.